ಹುಳಿನೀರಿಗೆ ಕರಗುವ ಬೆಟ್ಟ

ಹುಣಸೆಹಣ್ಣು ಹಾಕಿ ತಿಕ್ಕಿದರೆ ತಾಮ್ರದ ಹಂಡೆ ಹೊಳೆಯುತ್ತದೆ ಎನ್ನುವುದು ನಮ್ಮ ಕಡೆಯ ಎಲ್ಲ ಮನೆಗಳಿಗೂ ಗೊತ್ತು. ಹೊಳಪು ಬಂದಾಗ ಹಂಡೆಯ ಮೇಲಿದ್ದ ಕಪ್ಪು, ಅಂಚಿನ ಹಸಿರು ಕಿಲುಬು ಎಲ್ಲಿಗೆ ಹೋಯಿತು ಎಂದು ಕೇಳಿದವರು ಮಾತ್ರ ಕಡಿಮೆ. ಅದು ಹುಳಿಯಲ್ಲಿ ಕರಗಿ ತೊಳೆದ ನೀರಿನ ಜೊತೆ ಮೋರಿ ಸೇರಿರುತ್ತದೆ. ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಸಾರು ಕುದಿಸಬಾರದು ಎಂಬ ಕಟ್ಟುನಿಟ್ಟಿನ ಹಿಂದಿರುವುದೂ ಇದೇ ಸಂಗತಿ. ಈಗ ಹಂಡೆಯ ಜಾಗದಲ್ಲಿ ಒಂದು ಕಲ್ಲಿನ ರಾಶಿಯನ್ನು ಇಡಿ, ಹುಣಸೆಹುಳಿಯ ಜಾಗದಲ್ಲಿ ತೆಳ್ಳಗಿನ ಗಂಧಕಾಮ್ಲವನ್ನು ಇಡಿ. ಮೋರಿಗೆ ಹೋಗುವ ನೀರನ್ನು ಒಂದು ಹನಿಯೂ ಬಿಡದೆ ಹಿಡಿದುಕೊಳ್ಳಿ. ಜಗತ್ತಿನ ಗಣಿಗಳಿಂದ ಬರುವ ತಾಮ್ರದಲ್ಲಿ ಸುಮಾರು ಐದರಲ್ಲೊಂದು ಪಾಲು ಹೀಗೆ, ಕಲ್ಲನ್ನು ಹುಳಿಯಲ್ಲಿ ನೆನೆಸಿ ತೆಗೆದದ್ದು. ಇದರಲ್ಲಿ ದೊಡ್ಡದೊಂದು ಪಾಲು ಬರುವುದು ರಾಶಿ ಹಾಕಿ ಹುಳಿ ಹನಿಸುವ ಹೀಪ್ ಲೀಚಿಂಗ್ ಎಂಬ ವಿಧಾನದಿಂದ.

ನಾನು ಗಣಿಯವನಲ್ಲ, ಸಾಫ್ಟ್‌ವೇರಿನವನು. ಪುಣೆಯ ಹಿಂಜವಡಿಯಲ್ಲಿ ಕುಳಿತು ಎರಡೂವರೆ ವರ್ಷ ಚಿಲಿ ದೇಶದ ಅಟಕಾಮ ಮರುಭೂಮಿಯ ಒಂದು ತಾಮ್ರದ ರಾಶಿಯ ಲೆಕ್ಕ ಇಟ್ಟಿದ್ದೇನೆ. ನಮ್ಮ ತಂಡದ ಕೆಲಸ ಸರಳ: ರಾಶಿಯ ಮೇಲೂ ಒಳಗೂ ಕೂರಿಸಿದ ಸೆನ್ಸರ್‌ಗಳು ಕಳಿಸುವ ಅಂಕಿಗಳನ್ನು ಒಂದು ಪರದೆಯ ಮೇಲೆ ತರುವುದು, ಏನಾದರೂ ಹದ ತಪ್ಪಿದರೆ ಅಲ್ಲಿನವರಿಗೆ ಎಚ್ಚರಿಕೆ ಕಳಿಸುವುದು. ಅವರಿಗೆ ಬೆಳಗಾದಾಗ ನಮಗೆ ಸಂಜೆ. ಕಾಲ್‌ನಲ್ಲಿ ಅವರ ಸ್ಪ್ಯಾನಿಷ್ ಮಿಶ್ರಿತ ಇಂಗ್ಲಿಷ್, ನಮ್ಮ ಮರಾಠಿ-ಕನ್ನಡ ಮಿಶ್ರಿತ ಇಂಗ್ಲಿಷ್. ಮೊದಲ ತಿಂಗಳು ಏನೂ ತಿಳಿಯಲಿಲ್ಲ. ಆಮೇಲೆ ಗೊತ್ತಾದದ್ದು, ಅವರು ಮಾಡುತ್ತಿರುವುದು ಡಿಕಾಕ್ಷನ್ ಇಳಿಸುವ ಕೆಲಸ ಎಂದು.

ಹೋಲಿಕೆ ತಮಾಷೆಗೆ ಹೇಳಿದ್ದಲ್ಲ. ಫಿಲ್ಟರಿಗೆ ಕಾಫಿಪುಡಿ ಹಾಕುವಾಗ ತೀರಾ ನುಣ್ಣಗಿನ ಪುಡಿ ಹಾಕಿ ಒತ್ತಿದರೆ ನೀರು ಮೇಲೇ ನಿಲ್ಲುತ್ತದೆ. ಸಡಿಲವಾಗಿ ಹಾಕಿದರೆ ನೀರು ಒಂದು ದಾರಿ ಮಾಡಿಕೊಂಡು ಸರ್ರನೆ ಇಳಿದು, ಅಕ್ಕಪಕ್ಕದ ಪುಡಿಯನ್ನು ಮುಟ್ಟುವುದೇ ಇಲ್ಲ. ಅದಿರಿನ ರಾಶಿಯ ಕಷ್ಟವೂ ಇವೆರಡೇ. ಗಣಿಯಿಂದ ಬಂದ ಕಲ್ಲನ್ನು ಒಂದೆರಡು ಸೆಂಟಿಮೀಟರ್ ಗಾತ್ರಕ್ಕೆ ಪುಡಿ ಮಾಡುವಾಗ ಜಲ್ಲಿಯ ಜೊತೆ ದೂಳೂ ಹುಟ್ಟುತ್ತದೆ. ಆ ದೂಳು ರಾಶಿಯೊಳಗೆ ಹೋಗಿ ಕೂತರೆ ಹುಳಿನೀರಿನ ದಾರಿ ಕಟ್ಟುತ್ತದೆ. ಆದ್ದರಿಂದ ಕಲ್ಲನ್ನು ದೊಡ್ಡದೊಂದು ತಿರುಗುವ ಉರುಳೆಯೊಳಗೆ ಹಾಕಿ, ಸ್ವಲ್ಪ ನೀರು, ಗಟ್ಟಿ ಗಂಧಕಾಮ್ಲ ಚಿಮುಕಿಸಿ ಉರುಳಿಸುತ್ತಾರೆ. ದೂಳು ಜಲ್ಲಿಗೆ ಅಂಟಿ ಸಣ್ಣ ಉಂಡೆಗಳಾಗುತ್ತದೆ. ರವೆ ಉಂಡೆಗೆ ಹಾಲು ಚಿಮುಕಿಸುವ ಹದವೇ ಇದು. ಹೆಚ್ಚಾದರೆ ಕೆಸರು, ಕಡಿಮೆಯಾದರೆ ಉದುರು.

ಈ ಉಂಡೆಗಳನ್ನು ಸುರಿಯುವ ನೆಲ ಸಾಮಾನ್ಯ ನೆಲವಲ್ಲ. ಮೊದಲು ಗಟ್ಟಿಸಿದ ಮಣ್ಣು, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ತೂತಿನ ಪೈಪು ಮತ್ತು ಜಲ್ಲಿ. ಹಾಳೆಗಳ ಅಂಚುಗಳನ್ನು ಬಿಸಿ ಮಾಡಿ ಬೆಸೆದು, ಬೆಸುಗೆಯನ್ನು ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾರೆ. ಒಮ್ಮೆ ಮೇಲೆ ಲಕ್ಷಾಂತರ ಟನ್ ಕಲ್ಲು ಬಿದ್ದ ಮೇಲೆ ಕೆಳಗೆ ಇಣುಕಿ ನೋಡಲು ಸಾಧ್ಯವಿಲ್ಲ. ಅದರ ಮೇಲೆ ಆರರಿಂದ ಹತ್ತು ಮೀಟರ್ ಎತ್ತರಕ್ಕೆ ಅದಿರು. ನೆತ್ತಿಯ ಮೇಲೆ ಸಾಲುಸಾಲು ಹನಿ ನೀರಾವರಿ ಪೈಪು, ದಾಳಿಂಬೆ ತೋಟಕ್ಕೆ ಹಾಕುತ್ತೇವಲ್ಲ, ಅಂಥದೇ. ಅದರಲ್ಲಿ ಹನಿಯುವುದು ಮಾತ್ರ ಲೀಟರಿಗೆ ಐದು-ಹತ್ತು ಗ್ರಾಂ ಗಂಧಕಾಮ್ಲ ಬೆರೆತ ನೀರು. ಒಂದು ಚದರ ಮೀಟರಿಗೆ ಗಂಟೆಗೆ ಎಂಟು ಲೀಟರ್ ಎಂದು ಹಿಡಿದರೆ, ಒಂದು ಎಕರೆಗೆ ಗಂಟೆಗೆ 32,000 ಲೀಟರ್. ಬೇಸಿಗೆಯಲ್ಲಿ ನಮ್ಮ ಸೊಸೈಟಿಗೆ ಬರುವ 10,000 ಲೀಟರಿನ ಟ್ಯಾಂಕರ್ ಮೂರಕ್ಕೂ ಹೆಚ್ಚಾಯಿತು. ಹಗಲು ರಾತ್ರಿ, ತಿಂಗಳುಗಟ್ಟಲೆ.

ಇಷ್ಟೆಲ್ಲ ಮಾಡಿದ್ದಕ್ಕೆ ಸಿಗುವುದೆಷ್ಟು? ನೂರು ಕಿಲೋ ಕಲ್ಲಿನಲ್ಲಿ ಆರುನೂರು ಗ್ರಾಂ ತಾಮ್ರವಿದ್ದರೆ ಅದು ಒಳ್ಳೆಯ ಅದಿರೇ. ಅದರಲ್ಲಿ ಮುಕ್ಕಾಲು ಪಾಲು ಕೈಗೆ ಬಂದರೆ ಒಂದು ಟನ್ನಿಗೆ ನಾಲ್ಕೂವರೆ ಕಿಲೋ. ಒಂದು ವಿದ್ಯುತ್ ಕಾರಿಗೆ ಸುಮಾರು 80 ಕಿಲೋ ತಾಮ್ರ ಬೇಕು. ಅಂದರೆ ಒಂದು ಕಾರಿನ ಬಾಬ್ತು ಹೆಚ್ಚೂಕಡಿಮೆ 18 ಟನ್ ಕಲ್ಲು ಹುಳಿಯಲ್ಲಿ ನೆನೆಯಬೇಕು. ಇಷ್ಟು ಬಡ ಅದಿರನ್ನು ಅರೆದು, ಕುಲುಮೆಗೆ ಹಾಕಿ ಕರಗಿಸಲು ಹೋದರೆ ಖರ್ಚು ಹುಟ್ಟುವುದಿಲ್ಲ. ಹಿಂದೆ ಕಸವೆಂದು ಪಕ್ಕಕ್ಕೆ ತಳ್ಳುತ್ತಿದ್ದ ಕಲ್ಲಿಗೆ ಬೆಲೆ ಬಂದದ್ದು ಈ ಹನಿಗಳಿಂದ.

ರಾಶಿಯ ಬುಡದಿಂದ ಹೊರಬರುವ ನೀರಿನ ಬಣ್ಣ ನೋಡಿದರೆ ಮಲೆನಾಡಿನವರು ಕೂಡಲೇ ಗುರುತಿಸುತ್ತಾರೆ. ಅದು ಮೈಲುತುತ್ತದ ನೀರು. ಹೋಲಿಕೆಯಲ್ಲ, ರಸಾಯನಶಾಸ್ತ್ರದ ಪ್ರಕಾರವೇ ಅದು ಕಾಪರ್ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕುತ್ತಾರೆ. ಲೆಕ್ಕ ಹಾಕಿದರೆ ಆ ನೀರಿನಲ್ಲಿ ಲೀಟರಿಗೆ ಎರಡೂವರೆ ಗ್ರಾಂ ತಾಮ್ರ. ರಾಶಿಯಿಂದ ಇಳಿಯುವ ನೀರಿನಲ್ಲೂ ಸಾಮಾನ್ಯವಾಗಿ ಎರಡರಿಂದ ಆರು ಗ್ರಾಂ. ಸುಣ್ಣ ಸಾಕಾಯಿತೇ ಎಂದು ನೋಡಲು ತೋಟದವರು ಬೋರ್ಡೋ ದ್ರಾವಣದಲ್ಲಿ ಕತ್ತಿಯ ಅಲಗು ಅದ್ದುತ್ತಾರೆ, ಗೊತ್ತಲ್ಲ? ಅಲಗಿನ ಮೇಲೆ ಕೆಂಪು ಪೊರೆ ಕೂತರೆ ಸುಣ್ಣ ಇನ್ನೂ ಬೇಕು. ಆ ಕೆಂಪು ಪೊರೆ ಶುದ್ಧ ತಾಮ್ರ. ಕಬ್ಬಿಣ ನೀರಿಗಿಳಿದು ತಾಮ್ರವನ್ನು ಹೊರಗೆ ಕಳಿಸುತ್ತದೆ. ಸುಮಾರು ಸಾವಿರ ವರ್ಷಗಳ ಹಿಂದೆ ಚೀನಾದ ಸೊಂಗ್ ರಾಜರ ಕಾಲದಲ್ಲಿ ಗಣಿಯ ನೀಲಿ ನೀರಿಗೆ ಕಬ್ಬಿಣದ ತಗಡು ಹಾಕಿ ಹೀಗೇ ತಾಮ್ರ ತೆಗೆಯುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲೂ ಬಹುಕಾಲ ಗಣಿಗಳು ಗುಜರಿ ಕಬ್ಬಿಣ ಸುರಿದು ಇದನ್ನೇ ಮಾಡಿದವು. ಆದರೆ ಸಿಗುತ್ತಿದ್ದದ್ದು ಕಬ್ಬಿಣ ಬೆರೆತ ತಾಮ್ರದ ಕೆಸರು. ಅದನ್ನು ಮತ್ತೆ ಕುಲುಮೆಗೇ ಒಯ್ಯಬೇಕು.

ಈ ಕಟ್ಟು ಬಿಚ್ಚಿದ್ದು ಅಮೆರಿಕದ ಜನರಲ್ ಮಿಲ್ಸ್. ಹಿಟ್ಟು, ಬೆಳಗಿನ ತಿಂಡಿಯ ಸೀರಿಯಲ್ ಮಾರುವ ಅದೇ ಕಂಪನಿ. ಅದರ ರಾಸಾಯನಿಕ ವಿಭಾಗ 1960ರ ದಶಕದಲ್ಲಿ ಲಿಕ್ಸ್ ಎಂಬ ಹೆಸರಿನ ದ್ರವವನ್ನು ತಯಾರಿಸಿತು. ಇದನ್ನು ಸೀಮೆಎಣ್ಣೆಯಲ್ಲಿ ಬೆರೆಸಿ ಮೈಲುತುತ್ತದ ನೀರಿನ ಜೊತೆ ಚೆನ್ನಾಗಿ ಕಲಕಿದರೆ, ನೀರಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಏನೇ ಇರಲಿ, ಎಣ್ಣೆ ಹೆಚ್ಚುಕಡಿಮೆ ತಾಮ್ರವನ್ನಷ್ಟೇ ಎತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಎಣ್ಣೆ ಮೇಲೆ, ನೀರು ಕೆಳಗೆ. ಆ ಎಣ್ಣೆಯನ್ನು ತುಂಬ ಗಡುಸಾದ ಆಮ್ಲದ ಜೊತೆ ಕಲಕಿದರೆ ಎತ್ತಿಕೊಂಡ ತಾಮ್ರವನ್ನು ಬಿಟ್ಟುಕೊಡುತ್ತದೆ. ಹುಳಿ ಕಡಿಮೆ ಇದ್ದಲ್ಲಿ ಹಿಡಿಯುವುದು, ಹೆಚ್ಚಿದ್ದಲ್ಲಿ ಬಿಡುವುದು, ಇಷ್ಟೇ ಗುಣ. 1968ರಲ್ಲಿ ಅರಿಜೋನಾದ ಬ್ಲೂಬರ್ಡ್ ಗಣಿಯಲ್ಲಿ ಇದು ಮೊದಲ ಬಾರಿಗೆ ವ್ಯಾಪಾರಿ ಮಟ್ಟದಲ್ಲಿ ನಡೆಯಿತು.

ಆಮೇಲಿನದು ಸಲೀಸು. ಗಾಢ ನೀಲಿ ದ್ರಾವಣವನ್ನು ತೊಟ್ಟಿಗಳಲ್ಲಿ ತುಂಬಿ ಸುಮಾರು ಎರಡು ವೋಲ್ಟಿನ ವಿದ್ಯುತ್ ಹಾಯಿಸಿದರೆ ಸ್ಟೀಲ್ ತಗಡಿನ ಮೇಲೆ ತಾಮ್ರ ಕೂಡುತ್ತಾ ಹೋಗುತ್ತದೆ. ಒಂದು ವಾರಕ್ಕೆ ತಗಡಿನ ಎರಡೂ ಮಗ್ಗುಲಿನಿಂದ ನಲವತ್ತು-ಐವತ್ತು ಕಿಲೋ ತೂಕದ ಹಾಳೆ ಸುಲಿದು ಬರುತ್ತದೆ. ಶೇಕಡಾ 99.99 ಶುದ್ಧ. ತಾಮ್ರ ಕಳೆದುಕೊಂಡ ಹುಳಿನೀರು ಮತ್ತೆ ರಾಶಿಯ ನೆತ್ತಿಗೆ.

ಬೆಂಕಿಯಿಲ್ಲ, ಚಿಮಣಿಯಿಲ್ಲ. ಇದು ಎಷ್ಟು ದೊಡ್ಡ ಮಾತು ಎನ್ನುವುದು ನನಗೆ ತಟ್ಟಿದ್ದು ತಂಡದಲ್ಲಿದ್ದ ತೂತ್ತುಕುಡಿಯ ಗೆಳೆಯನಿಂದ. ಅವನು ಈ ಪ್ರಾಜೆಕ್ಟಿಗೆ ತಾನಾಗಿ ಕೇಳಿ ಬಂದವನು. ಹೊಗೆಯಿಲ್ಲದೆ ತಾಮ್ರ ಮಾಡಬಹುದೇ ಎಂದು ನೋಡಬೇಕಿತ್ತು ಎಂದಷ್ಟೇ ಹೇಳಿದ್ದ. ಚೆನ್ನೈ ಓದುಗರಿಗೆ ವಿವರಿಸಬೇಕಿಲ್ಲ. ಅವನ ಊರಿನ ಸ್ಟೆರ್ಲೈಟ್ ಕರಗು ಘಟಕ ವರ್ಷಕ್ಕೆ 4 ಲಕ್ಷ ಟನ್ ತಾಮ್ರ ಮಾಡಬಲ್ಲದ್ದಾಗಿತ್ತು. ಅದನ್ನು ಮುಚ್ಚಬೇಕೆಂದು ನಡೆದ ಹೋರಾಟದ ನೂರನೆಯ ದಿನ, 2018ರ ಮೇ 22ರಂದು, ಪೊಲೀಸರು ಗುಂಡು ಹಾರಿಸಿದರು. 13 ಜನ ಸತ್ತರು. ವಾರದೊಳಗೆ ಘಟಕ ಮುಚ್ಚಿತು. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿಯ ಮನವಿಯನ್ನು ತಳ್ಳಿಹಾಕಿತು.

ತಾಮ್ರದ ಹೆಚ್ಚಿನ ಅದಿರು ಗಂಧಕದ ಜೊತೆ ಕೂಡಿಕೊಂಡ ಸಲ್ಫೈಡ್. ಸುಟ್ಟರೆ ಗಂಧಕ ಹೊಗೆಯಾಗಿ ಹೋಗುತ್ತದೆ, ಹೋಗಲೇಬೇಕು. ದಕ್ಷಿಣ ಸ್ಪೇನಿನ ರಿಯೋ ಟಿಂಟೊ ಗಣಿಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಅದಿರನ್ನು ಬಯಲಿನಲ್ಲೇ ಒಟ್ಟಿ ಸೌದೆ ಹಾಕಿ ತಿಂಗಳುಗಟ್ಟಲೆ ಸುಡುತ್ತಿದ್ದರು. 1873ರಲ್ಲಿ ಗಣಿಗಳನ್ನು ಕೊಂಡ ಬ್ರಿಟಿಷ್ ಕಂಪನಿ ಈ ಸುಡುವಿಕೆಯನ್ನು ಇನ್ನಷ್ಟು ಬೆಳೆಸಿತು. ಬೆಳೆ ಕರಟಿತು, ಜನ ಕೆಮ್ಮಿದರು. 1888ರ ಫೆಬ್ರುವರಿ 4ರಂದು ರೈತರೂ ಗಣಿ ಕಾರ್ಮಿಕರೂ ಒಟ್ಟಾಗಿ ಹೊಗೆ ನಿಲ್ಲಿಸಿ ಎಂದು ಮೆರವಣಿಗೆ ಬಂದಾಗ ಸೈನಿಕರು ಗುಂಡು ಹಾರಿಸಿದರು. ಅಲ್ಲಿನ ಸರ್ಕಾರಿ ಲೆಕ್ಕದಲ್ಲೂ ಸತ್ತವರು 13. ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು ಎಂದೇ ಆ ಊರಿನ ನೆನಪು. ನೂರಮೂವತ್ತು ವರ್ಷಗಳ ಅಂತರದಲ್ಲಿ ಒಂದೇ ಲೋಹ, ಒಂದೇ ಹೊಗೆ. ಗೆಳೆಯನಿಗೆ ಇದನ್ನು ಓದಿ ಹೇಳಿದಾಗ ಅವನು ಸುಮ್ಮನೆ ಕ್ಯಾಂಟೀನಿಗೆ ಎದ್ದು ಹೋದ.

ಅದೇ ರಿಯೋ ಟಿಂಟೊದಲ್ಲಿ ಸುಡುವ ಬದಲು ಅದಿರಿನ ರಾಶಿಗೆ ನೀರು ಹಾಯಿಸಿ, ಗಾಳಿಗೆ ಬಿಟ್ಟು, ಇಳಿದ ನೀರಿನಿಂದ ತಾಮ್ರ ತೆಗೆಯುವ ಕ್ರಮ ನಿಧಾನವಾಗಿ ಬೇರೂರಿತು. ಸಲ್ಫೈಡ್ ಅದಿರು ಬರಿಯ ಹುಳಿಗೆ ಜಗ್ಗುವುದಿಲ್ಲ. ಮತ್ತೆ ಹೇಗೆ ಕರಗುತ್ತಿತ್ತು? ಉತ್ತರ ಸಿಕ್ಕಿದ್ದು 1947ರಲ್ಲಿ, ಅಮೆರಿಕದ ಕಲ್ಲಿದ್ದಲು ಗಣಿಯ ಹುಳಿ ನೀರಿನಲ್ಲಿ. ಕೋಲ್ಮರ್ ಮತ್ತು ಹಿಂಕಲ್ ಎಂಬ ಇಬ್ಬರು, ಅಂಥ ನೀರಿನಲ್ಲೇ ಬದುಕಿ ಕಬ್ಬಿಣವನ್ನು ಉತ್ಕರ್ಷಿಸಿ, ಅಂದರೆ ಒಂದು ರೀತಿಯಲ್ಲಿ ತುಕ್ಕು ಹಿಡಿಸಿ, ಅದರಿಂದಲೇ ಶಕ್ತಿ ಪಡೆಯುವ ಬ್ಯಾಕ್ಟೀರಿಯಾವನ್ನು ಕಂಡರು. ಹಾಗೆ ತಯಾರಾದ ಕಬ್ಬಿಣದ ದ್ರಾವಣ ಸಲ್ಫೈಡನ್ನು ಕೊರೆಯುತ್ತದೆ. ಕೊರೆದು ಸುಸ್ತಾದ ಕಬ್ಬಿಣವನ್ನು ಬ್ಯಾಕ್ಟೀರಿಯಾ ಮತ್ತೆ ಹುರಿಗೊಳಿಸುತ್ತದೆ. ಇವು ಇಲ್ಲದಿದ್ದರೂ ಈ ಕೆಲಸ ಆಗುತ್ತದೆ, ಆದರೆ ಲಕ್ಷಾಂತರ ಪಟ್ಟು ನಿಧಾನ. ಇವು ಉಸಿರಾಡಲೆಂದೇ ಈಗ ಸಲ್ಫೈಡ್ ರಾಶಿಗಳ ಬುಡದಲ್ಲಿ ಪೈಪು ಹಾಕಿ ಗಾಳಿ ಊದುತ್ತಾರೆ. ನಮ್ಮ ಪರದೆಯ ಮೇಲೆ ರಾಶಿಯ ಒಂದು ಮೂಲೆಯ ಉಷ್ಣಾಂಶ ಇಳಿಯುತ್ತಿದ್ದರೆ ಅಲ್ಲಿನ ಎಂಜಿನಿಯರು, ಅಲ್ಲಿ ಹುಡುಗರು ಮಲಗಿದ್ದಾರೆ ಎನ್ನುತ್ತಿದ್ದರು. ಹುಡುಗರು ಅಂದರೆ ಬ್ಯಾಕ್ಟೀರಿಯಾ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಎ. ನಟರಾಜನ್ ದಶಕಗಳ ಕಾಲ ದುಡಿದದ್ದು ಇದೇ ಕ್ಷೇತ್ರದಲ್ಲಿ. ಹಟ್ಟಿ ಚಿನ್ನದ ಗಣಿಯ ತನಕ ಈ ಜೀವಿಗಳ ಕೆಲಸ ಬಂದಿದೆ.

ಇಲ್ಲಿಗೆ ಬರುವ ಹೊತ್ತಿಗೆ ಇದು ಹಸಿರು ತಾಮ್ರ ಎಂದು ಜಾಹೀರಾತು ಬರೆಯುವವರ ಪೆನ್ನು ತೆರೆದಿರುತ್ತದೆ. ನನಗೆ ಆ ಮಾತು ಅಷ್ಟು ಬೇಗ ಬಾಯಿಗೆ ಬರುವುದಿಲ್ಲ. ಮೊದಲನೆಯದಾಗಿ, ರಾಶಿಗೆ ಹನಿಸುವ ಗಂಧಕಾಮ್ಲ ಎಲ್ಲಿಂದ ಬರುತ್ತದೆ? ಬಹುಪಾಲು ಕರಗು ಘಟಕಗಳಿಂದಲೇ. ಅಲ್ಲಿನ ಹೊಗೆಯನ್ನು ಹಿಡಿದು ಆಮ್ಲ ಮಾಡಿ ರಾಶಿಯವರಿಗೆ ಮಾರುತ್ತಾರೆ. ಚಿಮಣಿ ಬೇಡವೆಂದ ವಿಧಾನ ಚಿಮಣಿಯ ಬೀಗನೇ. ಎರಡನೆಯದು ನೀರು. ಅಟಕಾಮದಲ್ಲಿ ನೀರೇ ಇಲ್ಲ. ಎಸ್ಕೊಂಡಿಡಾ ಗಣಿಯವರು ಸಮುದ್ರದ ನೀರಿನ ಉಪ್ಪು ತೆಗೆದು ಮೂರು ಸಾವಿರ ಮೀಟರಿಗಿಂತ ಎತ್ತರಕ್ಕೆ ಪಂಪು ಮಾಡುತ್ತಾರೆ.

ಮೂರನೆಯದು, ನಮ್ಮ ಪರದೆಯಲ್ಲಿ ಕೆಂಪಕ್ಷರದಲ್ಲಿ ಬರುತ್ತಿದ್ದದ್ದು: ರಾಶಿಯೊಳಗಿನ ನೀರಿನ ಒತ್ತಡ. ಹನಿ ಹೆಚ್ಚಾಗಿ, ಇಳಿಯುವ ದಾರಿ ಕಟ್ಟಿಕೊಂಡರೆ ನೀರು ರಾಶಿಯೊಳಗೇ ತುಂಬುತ್ತದೆ. ಒದ್ದೆ ಮರಳಿನ ದಿಬ್ಬ ಕುಸಿದ ಹಾಗೆ ಕುಸಿಯಲು ಅಷ್ಟು ಸಾಕು. ಇದೇ ವಿಧಾನದಲ್ಲಿ, ಆಮ್ಲದ ಬದಲು ಸಯನೈಡ್ ಹಾಯಿಸಿ, ಚಿನ್ನವನ್ನೂ ತೆಗೆಯುತ್ತಾರೆ. 2024ರ ಫೆಬ್ರುವರಿ 13ರಂದು ಟರ್ಕಿಯ ಇಲಿಚ್ ಬಳಿಯ ಅಂಥದೊಂದು ರಾಶಿ ಜಾರಿತು. ಸುಮಾರು ಒಂದು ಕೋಟಿ ಘನ ಮೀಟರ್ ಮಣ್ಣುಕಲ್ಲಿನಡಿ ಒಂಬತ್ತು ಕಾರ್ಮಿಕರು ಸತ್ತರು. ಆ ವಾರ ನಮ್ಮ ಗ್ರಾಹಕರು ಬೇರೆಲ್ಲ ಕೆಲಸ ನಿಲ್ಲಿಸಿ, ಒತ್ತಡದ ಎಚ್ಚರಿಕೆ ಎಷ್ಟು ಸೆಕೆಂಡಿನಲ್ಲಿ ಯಾರ ಫೋನಿಗೆ ಹೋಗುತ್ತದೆ ಎಂದು ಸಾಲುಸಾಲಾಗಿ ಪರೀಕ್ಷೆ ಮಾಡಿಸಿದರು. ಅಲ್ಲಿಯವರೆಗೆ ಅದು ನನಗೆ ಹದಿನೇಳು ಕಾಲಮ್ಮುಗಳ ಒಂದು ಟೇಬಲ್. ಆಮೇಲೆ ಆ ಟೇಬಲ್ಲಿನ ಕೆಳಗೆ ಮನುಷ್ಯರು ನಡೆದಾಡುತ್ತಿರುವುದು ಕಾಣತೊಡಗಿತು.

2025ರ ಫೆಬ್ರುವರಿ 18ರಂದು ಜಾಂಬಿಯಾದಲ್ಲಿ ಇನ್ನೊಂದು. ಅಲ್ಲಿನ ಚಾಂಬಿಶಿ ಬಳಿ ಹುಳಿಯಿಂದ ತಾಮ್ರ ತೆಗೆಯುವ ಒಂದು ಚೀನೀ ಕಂಪನಿಯ ತ್ಯಾಜ್ಯದ ಕಟ್ಟೆ ಒಡೆಯಿತು. ಮೊದಲ ಅಂದಾಜಿನ ಪ್ರಕಾರವೇ ಐದು ಕೋಟಿ ಲೀಟರ್ ಆಮ್ಲಭರಿತ ನೀರು ಕಾಫುಯೆ ನದಿಯ ಉಪನದಿಗೆ ಹರಿಯಿತು. ಮೀನು ಸತ್ತು ತೇಲಿದವು, ದಂಡೆಯ ಜೋಳ ಸುಟ್ಟಿತು, ಕಿಟ್ವೆ ನಗರದ ಕುಡಿಯುವ ನೀರು ನಿಂತಿತು. ಹೊಗೆ ಮೇಲಕ್ಕೆ ಹೋಗುತ್ತದೆ, ಎಲ್ಲರಿಗೂ ಕಾಣುತ್ತದೆ. ಹುಳಿನೀರು ಕೆಳಕ್ಕೆ ಹೋಗುತ್ತದೆ, ಕೆಳಗಿನ ಊರಿಗೆ ಮಾತ್ರ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಎರಡು ವಿಧಾನಗಳ ನಡುವಿನ ದೊಡ್ಡ ವ್ಯತ್ಯಾಸ ಇದು.

ಹಾಗಾದರೆ ನಮ್ಮಲ್ಲಿ? ಭಾರತದ ಕರಗು ಘಟಕಗಳಿಗೆ ಬೇಕಾದ ತಾಮ್ರದ ಅದಿರಿನ ಸಾಂದ್ರದಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಹೊರದೇಶದಿಂದ ಬರುತ್ತದೆ. ಗುಜರಾತಿನ ದಹೇಜಿಗೆ ಹಡಗಿನಲ್ಲಿ ಬಂದು ಇಳಿಯುತ್ತದೆ. 2024ರಿಂದ ಮುಂದ್ರಾದಲ್ಲೂ ಹೊಸ ಘಟಕ ಶುರುವಾಗಿದೆ. ನಮ್ಮದೇ ಗಣಿಗಳಲ್ಲಿ ದೊಡ್ಡದು ಮಧ್ಯಪ್ರದೇಶದ ಮಲಾಂಜ್‌ಖಂಡ್, ಆಮೇಲೆ ರಾಜಸ್ಥಾನದ ಖೇತ್ರಿ, ಜಾರ್ಖಂಡಿನ ಘಾಟ್‌ಶಿಲಾ ಸುತ್ತಿನವು. ಕರ್ನಾಟಕದಲ್ಲಿ ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ತಾಮ್ರದ ಗಣಿಯಿತ್ತು. ಅದು ಮುಚ್ಚಿ ವರ್ಷಗಳಾದವು.

ಈ ಎಲ್ಲ ಕಡೆಯೂ ಮುಖ್ಯ ಅದಿರು ಚಾಲ್ಕೊಪೈರೈಟ್, ಹಿತ್ತಾಳೆ ಬಣ್ಣದ ಹಟಮಾರಿ ಸಲ್ಫೈಡ್. ಕರಗಲು ಶುರುವಾದ ಕೂಡಲೇ ತನ್ನ ಮೈಮೇಲೆ ಒಂದು ಪೊರೆ ಬೆಳೆಸಿಕೊಂಡು ಒಳಗಿನದನ್ನು ಬಚ್ಚಿಡುತ್ತದೆ. ಬ್ಯಾಕ್ಟೀರಿಯಾಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ. ಅಟಕಾಮದಲ್ಲಿ ಮೇಲ್ಪದರದ ಅದಿರು ಕಿಲುಬಿನ ಜಾತಿಯದು, ಹುಳಿ ತಾಗಿದರೆ ಸಾಕು. ನಮ್ಮಲ್ಲಿ ಆ ಪದರ ತೀರಾ ತೆಳು. ಚಾಲ್ಕೊಪೈರೈಟನ್ನೂ ರಾಶಿಯಲ್ಲಿ ಕರಗಿಸುವ ಪ್ರಯತ್ನಗಳು ಈಗ ಗಂಭೀರವಾಗಿ ನಡೆದಿವೆ. ರಿಯೋ ಟಿಂಟೊ ಕಂಪನಿ, ಹೌದು, ಆ ನದಿಯ ಹೆಸರನ್ನೇ ಇಂದಿಗೂ ಹೊತ್ತಿರುವುದು, ನ್ಯೂಟನ್ ಎಂಬ ಹೆಸರಿನಲ್ಲಿ ತನ್ನದೇ ಬ್ಯಾಕ್ಟೀರಿಯಾ ಬೆಳೆಸಿ ಅರಿಜೋನಾದ ಜಾನ್ಸನ್ ಕ್ಯಾಂಪ್ ಗಣಿಯಲ್ಲಿ ಇದನ್ನು ನಡೆಸುತ್ತಿದೆ. ಅದು ಪಳಗಿದರೆ ಮಲಾಂಜ್‌ಖಂಡಿನ ಬದಿಗೆ ತಳ್ಳಿದ ಬಡ ಅದಿರಿನ ಮೇಲೂ ಯಾರಾದರೂ ಕಣ್ಣು ಹಾಕದೆ ಇರುವುದಿಲ್ಲ.

ಆಗ ಎದುರಾಗುವುದು ಅಟಕಾಮದವರಿಗೆ ಇಲ್ಲದ ತೊಂದರೆ, ಮಳೆ. ಐವತ್ತು ಎಕರೆಯ ರಾಶಿಯೊಂದನ್ನು ಊಹಿಸಿಕೊಳ್ಳಿ. ಆಷಾಢದಲ್ಲಿ ಒಂದು ದಿನ ನೂರು ಮಿಲಿಮೀಟರ್ ಸುರಿಯಿತು ಎನ್ನಿ, ನಮ್ಮಲ್ಲಿ ಅದೇನು ಅಪರೂಪವಲ್ಲ. ರಾಶಿಯ ಮೇಲೆ ಬಿದ್ದ ಎರಡು ಕೋಟಿ ಲೀಟರ್ ಮಳೆನೀರು ಸಂಜೆಯ ಹೊತ್ತಿಗೆ ಹುಳಿನೀರಾಗಿರುತ್ತದೆ. ಮೂರು ದಿನ ಹಾಗೇ ಹಿಡಿದರೆ ಆರು ಕೋಟಿ, ಜಾಂಬಿಯಾದಲ್ಲಿ ಹರಿದದ್ದಕ್ಕಿಂತ ಹೆಚ್ಚು. ರಾಶಿಗೆ ಟಾರ್ಪಾಲು ಹೊದಿಸಬಹುದು, ದೊಡ್ಡ ಹೊಂಡ ತೋಡಬಹುದು, ಮಳೆಗಾಲದ ಮೂರು ತಿಂಗಳು ಹನಿ ನಿಲ್ಲಿಸಬಹುದು. ಪ್ರತಿಯೊಂದಕ್ಕೂ ಖರ್ಚಿದೆ, ಮತ್ತು ಬಡ ಅದಿರಿನ ವ್ಯಾಪಾರದಲ್ಲಿ ಮೊದಲು ಕತ್ತರಿ ಬೀಳುವುದು ಇಂಥ ಖರ್ಚಿಗೇ. ನಮ್ಮ ದೇಶದಲ್ಲಿ ಯಾರಾದರೂ ಈ ಯೋಜನೆ ತಂದರೆ ನಾನು ಎಷ್ಟು ಟನ್ ತಾಮ್ರ ಎಂದು ಕೇಳುವ ಮೊದಲು ಆ ಹೊಂಡದ ನಕ್ಷೆ ಕೇಳುತ್ತೇನೆ. ಅದು ತುಂಬಿದ ದಿನ ನೀರು ಯಾವ ಹಳ್ಳಕ್ಕೆ ಇಳಿಯುತ್ತದೆ, ಆ ಹಳ್ಳದ ಮೇಲೆ ಯಾವ ಯಾವ ಊರುಗಳಿವೆ ಎಂದು ಕೇಳುತ್ತೇನೆ.